ಮೇಲಿನ ಮೆಟ್ಟಿಲಿನ ಫೋಕಸ್

ಬೆಳಿಗ್ಗೆ ಕಪಾಟು ಒರೆಸುವಾಗ ಹಳೆಯ ಫೋಟೊವೊಂದು ಕೈಗೆ ಬಂತು. ನಮ್ಮ ಆಫೀಸಿನ ಮೆಟ್ಟಿಲುಗಳ ಮೇಲೆ ಎರಡು ಸಾಲು ಜನ, ಅವರ ಹಿಂದೆ ತುತ್ತತುದಿಯ ಮೆಟ್ಟಿಲಲ್ಲಿ ತಡವಾಗಿ ಬಂದ ಒಬ್ಬ. ಎರಡೂ ಸಾಲು ಹಬೆಯಲ್ಲಿ ನಿಂತಂತೆ ಮಸುಕು. ಆ ಒಬ್ಬನ ಹುಬ್ಬಿನ ಕೂದಲು ಮಾತ್ರ ಎಣಿಸಬಹುದು. ತೆಗೆದವಳು ನಾನು. ನಗಬೇಡಿ, ಕಾರಣ ಹೇಳುತ್ತೇನೆ.

ಆಗ ಹೈದರಾಬಾದಿನಲ್ಲಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಅಂಥದ್ದೊಂದರಲ್ಲಿ ನನಗೆ ಹೊಸ ಕೆಲಸ. ವಾಸ ದಿಲ್‌ಸುಖ್‌ನಗರದಲ್ಲಿ, ಸೀರೆ ಅಂಗಡಿ ಇಟ್ಟಿದ್ದ ನನ್ನ ಕಾಕಾನ ಮನೆಯಲ್ಲಿ. ಗ್ರೂಪ್ ಫೋಟೊಗೆಂದು ಅವರ ರೀಲ್ ಕ್ಯಾಮೆರಾ ಕೇಳಿದೆ. ಪಾಠ ನಡೆದದ್ದು ಮೆಹದಿಪಟ್ಟಣಂ ಬಸ್ ನಿಲ್ದಾಣದಲ್ಲಿ, ಕಾಕಾ ಚಷ್ಮಾ ಮರೆತು ಬಂದ ದಿನ.

"ನೋಡವ್ವಾ, ಕಣ್ಣ ಸಣ್ಣ ಮಾಡಿದ್ರ ಬಸ್ಸಿನ ಬೋರ್ಡ್ ಸಾಫ್ ಕಾಣ್ತೈತಿ. ಕ್ಯಾಮೆರಾನೂ ಹಂಗ. ಕಿಂಡಿ ಸಣ್ಣದಾದ್ರ ಹಿಂದಿನವ್ರು ಮುಂದಿನವ್ರು ಎಲ್ಲಾರೂ ಸಾಫ್. ದೊಡ್ಡದಾದ್ರ ಗುರಿ ಇಟ್ಟಾಂವ ಒಬ್ಬನ!"

ಲೆನ್ಸಿನ ಮೇಲೆ ಕಿಂಡಿಯ ಅಳತೆಗೆ ಎರಡರಿಂದ ಹದಿನಾರರವರೆಗೆ ಅಂಕಿಗಳಿದ್ದವು. ಗಣಿತದ ಪದವೀಧರೆಗೆ ಯಾವುದು ಸಣ್ಣದೆಂದು ಯಾರಾದರೂ ಹೇಳಿಕೊಡಬೇಕೆ? ಎರಡಕ್ಕಿಟ್ಟೆ.

ಮೇಲಿನ ಮೆಟ್ಟಿಲಿನವನು ಗದಗದವನು. ಇಡೀ ಮಹಡಿಯಲ್ಲಿ ನನ್ನೊಡನೆ ಕನ್ನಡ ಆಡುತ್ತಿದ್ದವನು ಅವನೊಬ್ಬನೇ, ಅದೂ ದಿನಕ್ಕೊಮ್ಮೆ, "ಚಹಾ ಆತೇನ್ರಿ?" ಆ ಎರಡು ಪದಗಳನ್ನು ನಾನು ಸಂಜೆಯವರೆಗೆ ಜೋಪಾನ ಮಾಡುತ್ತಿದ್ದೆ. ಇದು ಯಾರಿಗೂ ತಿಳಿಯಬಾರದಿತ್ತು, ಅವನಿಗಂತೂ ಖಂಡಿತ.

ಪ್ರಿಂಟ್ ಬಂತು. ಪಕ್ಕದ ಮೇಜಿನ ಸ್ವಪ್ನಾ "ಅಯ್ಯೋ, ಬಾಸ್ ಮುಖಂ ಏದಿ?" ಎಂದು ತೆಲುಗಿನಲ್ಲಿ ಬಾಸಿನ ಮುಖ ಹುಡುಕತೊಡಗಿದಳು. ಗದಗದವನು ಇಣುಕಿದ.

"ನನ್ನ ಗಲ್ಲದ ಮಚ್ಚಿ ಸುದ್ದಾ ಬಂದೈತಲ್ರಿ!"

"ಟೆಕ್ನಿಕಲ್ ಮಿಸ್ಟೇಕ್ ರೀ," ಎಂದೆ. ಕಿವಿ ಕಾದಿತ್ತು.

ಮನೆಯಲ್ಲಿ ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕರು. "ಹುಚ್ಚಿ, ಎರಡಂದ್ರ ಊರ ಅಗಸಿ ಬಾಗಿಲಾ ಪೂರಾ ತೆಗದಂಗ! ಹದಿನಾರಂದ್ರ ಸಣ್ಣ ಕಿಂಡಿ." ಪಾರಾದೆನೆಂದು ಉಸಿರು ಬಿಟ್ಟೆ. ಅಷ್ಟರಲ್ಲಿ ಅವರು ಕಣ್ಣು ಸಣ್ಣ ಮಾಡಿ ಫೋಟೊವನ್ನು ಮತ್ತೆ ನೋಡಿದರು. "ನಂಬರ್ ತಪ್ಪಿದ್ದು ಖರೆ. ಆದ್ರ ಫೋಕಸಿನ ರಿಂಗ್ ತಾನಾಗೇ ತಿರಗೂದಿಲ್ಲವ್ವಾ. ಅದು ಮ್ಯಾಲಿನ ಮೆಟ್ಲಿಗೆ ಯಾಕ ಹೋತು?"

ನಾನು ರೊಟ್ಟಿ ತಟ್ಟಲು ಒಳಗೆ ಓಡಿದೆ. ನನಗೆ ರೊಟ್ಟಿ ತಟ್ಟಲು ಬರುತ್ತಿರಲಿಲ್ಲ.

ಈಗ, ಫೋಟೊ ಹಿಡಿದು ನಿಂತವಳ ಹಿಂದಿನಿಂದ ಎರಡು ಕಪ್ ಚಹಾ ತಂದವನು ಭುಜದ ಮೇಲಿಂದ ಇಣುಕಿದ. ಮಚ್ಚೆ ಅಲ್ಲೇ ಇದೆ. ಹೋಗಿರುವುದು ಮಾತಿನ ಕೊನೆಯ 'ರಿ' ಮಾತ್ರ.

"ಇನ್ನೂ ಇಟ್ಟೀಯೇನ, ನಿನ್ನ ಟೆಕ್ನಿಕಲ್ ಮಿಸ್ಟೇಕ್?"

ಇಷ್ಟು ವರ್ಷ ಅದನ್ನೇ ಸಾಧಿಸಿಕೊಂಡು ಬಂದಿದ್ದೆ.

"ನಂಬರ್ ಅಷ್ಟ ತಪ್ಪಿತ್ತು, ಫೋಕಸ್ ಅಲ್ಲ," ಎಂದೆ.

ಚಹಾ ತುಳುಕಿತು. ಕಪಾಟಿನ ಬಟ್ಟೆಯಲ್ಲೇ ನೆಲ ಒರೆಸಿದೆವು, ಇಬ್ಬರೂ.