ಹೊಸ್ತಿಲು ಮುಟ್ಟಿದ ಕೈ

ಅಮರಗೋಳದ ಮಾರುಕಟ್ಟೆಯಲ್ಲಿ ನಮ್ಮ ದಲ್ಲಾಳಿ ಅಂಗಡಿ ಇತ್ತು. ಕಟ್ಟೆಯ ಮೇಲಿನ ಮೆಣಸಿನಕಾಯಿ ಚೀಲಗಳು ಮಾಯವಾಗತೊಡಗಿದ ಮೇಲೆ ಅಪ್ಪ ಒಂದು ಕ್ಯಾಮೆರಾ ಹಾಕಿಸಿದ. ಆಗ ನಮ್ಮ ಸಾಲಿನಲ್ಲಿ ಅದೊಂದೇ. ಖಂಡೆಪೂಜೆಯ ದಿನ ತಕ್ಕಡಿ, ಸ್ಕೂಟರ್, ಕ್ಯಾಲ್ಕುಲೇಟರಿಗೆಲ್ಲ ವಿಭೂತಿ ಹಚ್ಚಿದ ಅಪ್ಪ ಅದನ್ನು ಬಿಟ್ಟಾನೆಯೇ? ಉದ್ದನೆಯ ಚೆಂಡುಹೂವಿನ ಹಾರವನ್ನೇ ಹಾಕಿದ.

"ಅಪ್ಪಾ, ಅದರ ಕಣ್ಣ ಮುಚ್ಚಿಬಿಟ್ಟಿ" ಎಂದೆ.

"ಪೂಜಿ ಹೂವು, ಇವತ್ತ ತೆಗಿಬಾರ್ದವಾ" ಎಂದ. ನಮ್ಮ ಮನೆಯಲ್ಲಿ ಯಾವ ಯಂತ್ರವೂ ಮೊದಲು ದೇವರು, ಕೆಲಸ ಆಮೇಲೆ.

ಮರುದಿನ ದಸರೆ. ಮಾರುಕಟ್ಟೆ ಬಂದ್ ಇತ್ತು. ದೀಪ ಹಚ್ಚಲು ಒಬ್ಬರೇ ಬಂದಿದ್ದ ಪಕ್ಕದಂಗಡಿಯ ಸಾಹುಕಾರರನ್ನು ಯಾರೋ ತೂಕದ ಕಲ್ಲಿನಿಂದ ತಲೆಗೆ ಹೊಡೆದು ಕೊಂದಿದ್ದರು. ಹಿಂದಿನ ದಿನ ಅವರೊಂದಿಗೆ ಜಗಳವಾಡಿದ್ದ ಲಾರಿ ಡ್ರೈವರನನ್ನು ಪೊಲೀಸರು ಠಾಣೆಯಲ್ಲಿ ಕೂಡಿಸಿದರು. ಆಮೇಲೆ ನಮ್ಮ ಕ್ಯಾಮೆರಾ ನೆನಪಾಗಿ ಇನ್ಸ್‌ಪೆಕ್ಟರ್ ಅಂಗಡಿಗೆ ಬಂದರು.

ಕಂಪ್ಯೂಟರ್ ಕಲಿತವಳೆಂದು ಅದರ ರೆಕಾರ್ಡಿಂಗ್ ಹಾಕಿ ತೋರಿಸುವ ಕೆಲಸ ನನಗೇ ಬಿತ್ತು. ಹಿಂದೆ ಅಪ್ಪ ಮತ್ತು ಅವನ ತಮ್ಮ, ನನ್ನ ಕಾಕಾ. ಕಾಕಾ ಕೂರುತ್ತಿದ್ದ, ಏಳುತ್ತಿದ್ದ, ನೀರು ಕುಡಿಯುತ್ತಿದ್ದ. ಒಂದು ಕಡೆ ಕೂರಬಾರದೇ ಎಂದು ನನಗೆ ಸಿಟ್ಟು ಬರುತ್ತಿತ್ತು. ಆ ಸಾಹುಕಾರರ ಚಾಡಿಯಿಂದಲೇ ತನ್ನ ಮಗಳ ಮದುವೆಯ ನಿಶ್ಚಯ ಮುರಿದದ್ದೆಂದು ಅವನು ಅವರೊಂದಿಗೆ ಮಾತು ಬಿಟ್ಟಿದ್ದ.

ಪರದೆಯ ಮೇಲರ್ಧವೆಲ್ಲ ಹೂವು. ಕೆಳಗೆ ನಮ್ಮ ಕಟ್ಟೆ, ಅದರಾಚೆ ಸಾಹುಕಾರರ ಬಾಗಿಲು. ಕರಿ ಪ್ಯಾಂಟಿನ ಎರಡು ಕಾಲು ಬಂದು ನಿಂತವು.

"ಡ್ರೈವರನ ಇರಬೇಕರಿ" ಎಂದ ಕಾಕಾ.

ಕಾಲುಗಳು ಚಪ್ಪಲಿ ಕಳಚಿ ಬದಿಗಿಟ್ಟವು. ಹೂವಿನ ಕೆಳಗಿನಿಂದ ಒಂದು ಕೈ ಇಳಿದು ಹೊಸ್ತಿಲು ಮುಟ್ಟಿತು. ನಮಸ್ಕಾರಕ್ಕೆಂದು ಮತ್ತೆ ಮೇಲೆ ಹೋಯಿತು.

"ನಿಲ್ಲಸವಾ. ಹಿಂದ ಹಾಕು" ಎಂದರು ಇನ್ಸ್‌ಪೆಕ್ಟರ್. "ಹೊಸ್ತಿಲಾ ಮುಟ್ಟಿ ನಮಸ್ಕಾರ ಮಾಡಿ ಕೊಲಿ ಮಾಡಾಕ ಯಾರ ಹೋಗ್ತಾರ? ಡ್ರೈವರ್ ಅಂತೂ ಅಲ್ಲ. ಅಂಗಡಿಕಾರ ಮಂದಿನ, ಕೈಗೆ ರೂಢಿ ಆಗಿರ್ತೈತಿ."

ಹಿಂದಕ್ಕೆ ಹಾಕಿದೆ. ಎರಡನೆಯ ಸಲವೂ ಹೊಸ್ತಿಲು ಮುಟ್ಟಿದ್ದು ಎಡಗೈ. ಕಾಕಾ ಹುಟ್ಟಾ ಎಡಚ. ಎಡಗೈಯಿಂದ ಹೊಸ್ತಿಲು ಮುಟ್ಟಬೇಡ ಎಂದು ಅಜ್ಜಿ ಸಾಯುವತನಕ ಬೈದರೂ ಅವನು ಬಿಟ್ಟಿರಲಿಲ್ಲ. ತಿರುಗಿ ನೋಡಲು ಧೈರ್ಯ ಬರಲಿಲ್ಲ. ಸುಮ್ಮನಿದ್ದರೆ ಇನ್ಸ್‌ಪೆಕ್ಟರಿಗೆ ತಿಳಿಯುವುದು ಹೇಗೆ ಎಂದೂ ಅನಿಸಿತು.

ಅಪ್ಪ ಕೆಮ್ಮಿದ. "ಸಾಹೇಬರ, ಆ ಡ್ರೈವರನ್ನ ಬಿಟ್ಟಬಿಡ್ರಿ. ಹೆಂಡ್ರು ಮಕ್ಕಳು ದಾರಿ ನೋಡಾಕತ್ತಿರ್ತಾರ." ಆಮೇಲೆ ಕಾಕಾನ ಕಡೆ ತಿರುಗಿದ. "ತಮ್ಮಾ, ನೀ ಹೇಳ್ತೀಯೋ, ನಾ ಹೇಳ್ಲೋ?"

ಕಾಕಾ ಮೊದಲ ಸಲ ಸುಮ್ಮನೆ ಕುಳಿತ.

"ಬನ್ನಿ ಎಲಿ ಕೊಡಾಕ ಹೋಗಿದ್ದೆ ಅಣ್ಣಾ. ಹಬ್ಬದ ದಿನ ಹಗೆ ಬ್ಯಾಡ, ನಾನ ಸಣ್ಣಾವ ಆಗೂಣು ಅಂತ ಹೋಗಿದ್ದೆ. ಸಾಹುಕಾರ ಬನ್ನಿ ನೆಲಕ್ಕ ಒಗದು, ನಿನ್ನ ಮಗಳನ್ನ ಇನ್ನ ಯಾರ ಮಾಡಿಕೊಳ್ತಾರ ಅಂದ. ಮುಂದಿಂದು ನನಗ ತಿಳಿಲಿಲ್ಲ."

ಇನ್ಸ್‌ಪೆಕ್ಟರ್ ಕಾಕಾನನ್ನು ಜೀಪಿಗೆ ಹತ್ತಿಸಿಕೊಂಡರು, ಅಪ್ಪನೂ ಜೊತೆಗೆ ಹೋದ. ನಾನು ಅಂಗಡಿಯ ಬಾಗಿಲು ಹಾಕಿ, ನಾವೆಲ್ಲ ಒಟ್ಟಿಗಿದ್ದ ದೇಶಪಾಂಡೆ ನಗರದ ಮನೆಗೆ ಬಂದೆ. ಕಾಕಾನ ಮಗಳು ತಾಟು ಹಾಕಿಟ್ಟುಕೊಂಡು ಕಾಯುತ್ತಿದ್ದಳು.

"ನಮ್ಮಪ್ಪ ಎಲ್ಲಿ? ಊಟಾ ಆರಾಕತ್ತೈತಿ" ಎಂದಳು.