ಇದ್ರಲ್ಲಾ, ಅದ್ರಲ್ಲಾ?

ಪಕ್ಕದ ಮನೆಯ ಕನ್ನಡಕದಂಗಡಿ ಮಾವ ದಿನವಿಡೀ ಗಿರಾಕಿಗಳ ಕಣ್ಣಿಗೆ ಗಾಜು ಬದಲಿಸುತ್ತಾ "ಇದ್ರಲ್ಲಿ ಚೆನ್ನಾಗಿ ಕಾಣುತ್ತಾ, ಅದ್ರಲ್ಲಾ?" ಎಂದು ಕೇಳುವವರು, ಮನೆಗೆ ಬಂದರೆ ಅದೇ ಪ್ರಶ್ನೆ ಅವರಿಗೇ ಗಂಟುಬೀಳುತ್ತದೆ. ಒಂದು ಕಿವಿಯಲ್ಲಿ ಆ್ಯಪಿನ ಹೈ ಕ್ವಾಲಿಟಿ ಹಾಡು, ಇನ್ನೊಂದು ಕಿವಿ ತಿರುಗುವ ಹಳೇ ರೆಕಾರ್ಡಿನತ್ತ. ಬೆಳಿಗ್ಗೆ ರೆಕಾರ್ಡುಗಳನ್ನೆಲ್ಲ ಮಾರಿಬಿಡುವ ಶಪಥ, ಸಂಜೆ ಆ್ಯಪನ್ನು ಕಿತ್ತುಹಾಕುವ ಶಪಥ. "ಯಾವ್ದಾದ್ರೂ ಒಂದು ಹಾಕ್ರೀ, ತಲೆ ಚಿಟ್ಟು ಹಿಡೀತಿದೆ" ಎಂದು ಅತ್ತೆಯ ಗೋಗರೆತ. ನಿನ್ನೆ ಆ್ಯಪಿನಲ್ಲಿ, ಹಿಂದೆ ಮಗಳನ್ನು ಮಲಗಿಸಲು ರೆಕಾರ್ಡಿನಲ್ಲಿ ಹಾಕುತ್ತಿದ್ದ ಲಾಲಿಹಾಡು ಕೇಳಿ ಮಾವ ಬೆಚ್ಚಿದರು: "ಈ ಸಾಲು ಎಲ್ಲಿತ್ತೇ? ನಮ್ಮದ್ರಲ್ಲಿ ಇಲ್ವಲ್ಲ!" ಅವರ ರೆಕಾರ್ಡಿನ ಗೀರು ಆ ಸಾಲನ್ನು ಮೊದಲಿನಿಂದಲೂ ಹಾರಿಸುತ್ತಿತ್ತು. ಒಳಗೆ ಮಗಳು ಕೂಸನ್ನು ಮಲಗಿಸುತ್ತಿದ್ದಳು. ಅವಳ ಲಾಲಿಯೂ ಅದೇ ಜಾಗದಲ್ಲಿ ಹಾರಿತು. ತಿದ್ದಲೆಂದು ಮೊಬೈಲ್ ಹಿಡಿದು ಹೋದ ಮಾವ ಬಾಗಿಲಲ್ಲೇ ನಿಂತು ಮೊಬೈಲಿನ ಬಾಯಿ ಮುಚ್ಚಿಸಿದರು.