ಬಿಸಿಲುಮಾವನ ಕಿವಿ
ಕರೆಂಟಿನ ತಂತಿ ಬೀದಿಯ ಕೊನೆಯ ಮನೆಯವರೆಗೆ ಇನ್ನೂ ಬಂದಿಲ್ಲ, ಹಾಗಾಗಿ ಆ ಮನೆಯ ಓನರ್ ಸೂರ್ಯನನ್ನೇ ಕೆಲಸಕ್ಕೆ ಇಟ್ಟುಕೊಂಡಿದ್ದಾರೆ. ಬಾಡಿಗೆಯವರೆಲ್ಲ ಅವರನ್ನು ಬಿಸಿಲುಮಾವ ಅನ್ನುತ್ತಾರೆ. ಮಾವ ಹಲ್ಲುಜ್ಜುವ ಮೊದಲೇ ತಾರಸಿ ಹತ್ತಿ, ಸೋಲಾರ್ ಪ್ಯಾನೆಲ್‌ಗಳನ್ನು ಮಗುವಿನ ಮುಖ ಒರೆಸಿದ ಹಾಗೆ ಒರೆಸುತ್ತಾರೆ. ಅಲ್ಲಿ ಕೂರುವ ಕಾಗೆಗಳನ್ನು ಅವುಗಳ ವಂಶ ಸಮೇತ ಬೈಯುತ್ತಾರೆ. ಮೋಡ ಕವಿಯಿತೋ, ಮಾವನ ಮುಖವೂ ಕಪ್ಪಿಟ್ಟಿತು. ಮೆಟ್ಟಿಲ ಕೆಳಗಿನ ಬ್ಯಾಟರಿಗಳ ಪಕ್ಕ ಕುರ್ಚಿ ಹಾಕಿಕೊಂಡು ಕಾವಲು ಕೂರುತ್ತಾರೆ. “ಯಾರಮ್ಮಾ ಅದು ಮಿಕ್ಸಿ ಹಾಕಿದ್ದು? ಬ್ಯಾಟರಿ ಏನು ಬಾವಿನಾ, ಸೇದಿದಷ್ಟೂ ಬರೋಕೆ?” ಮಹಡಿಯಲ್ಲಿ ಯಾರಾದರೂ ಫೋನನ್ನು ಚಾರ್ಜಿಗೆ ಹಾಕಿದರೂ ಅವರ ಕಿವಿಗೆ ಬೀಳುತ್ತದಂತೆ. ಅಂಥ ಕಿವಿಗೆ, ಪಕ್ಕದ ಗೋಡೆಯಾಚೆ ಬಾಡಿಗೆಗಿರುವ ಟೈಲರಮ್ಮನ, ಅದೇ ಬ್ಯಾಟರಿಯಲ್ಲಿ ಗಡಗಡ ಓಡುವ ಮೋಟಾರು ಮೆಷಿನ್ನು ಮಾತ್ರ ಕೇಳಿಸುವುದಿಲ್ಲ. ಒಬ್ಬಳೇ ಹೊಲಿದು ಇಬ್ಬರು ಮಕ್ಕಳನ್ನು ಸಾಕುವವಳು ಅವಳು. ಹೇಳಿದ ದಿನಕ್ಕೆ ಬಟ್ಟೆ ಕೊಡದಿದ್ದರೆ ಗಿರಾಕಿಗಳು ಮತ್ತೆ ಆ ಬಾಗಿಲಿಗೆ ಬರುವುದಿಲ್ಲ. ಮೊನ್ನೆ ಮೋಡ ಮುಚ್ಚಿದ ಮಧ್ಯಾಹ್ನ, ಬೈಸಿಕೊಂಡ ಮಹಡಿಯಾಕೆ ಇಳಿದು ಬಂದು ಕೇಳಿಯೇಬಿಟ್ಟಳು: “ಅಲ್ಲ ಮಾವ, ನನ್ನ ಮಿಕ್ಸಿ ಕೇಳುತ್ತೆ, ಆ ಮೆಷಿನ್ನು ಕೇಳಲ್ವಾ ನಿಮಗೆ?” ಮಾವ ಕಿವಿಗೆ ಅಂಗೈ ಆನಿಸಿದರು. “ಯಾವ ಮೆಷಿನ್ನು ತಾಯಿ? ವಯಸ್ಸಾಯ್ತು ನೋಡು, ಈ ಕಡೆ ಕಿವಿ ಸ್ವಲ್ಪ ಮಂದ.” ಹಾಗೆನ್ನುತ್ತಲೇ ಎದ್ದು, ತಮ್ಮ ಕೋಣೆಯ ಫ್ಯಾನ್ ಆರಿಸಿ ಬಂದು, ಹಳೇ ಪೇಪರಿನಲ್ಲಿ ಗಾಳಿ ಬೀಸಿಕೊಳ್ಳುತ್ತ ಮತ್ತೆ ಕಾವಲು ಕೂತರು.